ಡಿ ವ್ರೀಸ್ ಮನೆತನದ ಹಸುಗಳು

ನನ್ನ ತಮ್ಮನ ನೆಂಟರಲ್ಲಿ ಹೆಚ್ಚಿನವರಿಗೆ ನಾಲ್ಕು ಕಾಲು, ಒಂದು ಬಾಲ. ಅವರೆಲ್ಲರ ಮನೆತನದ ಹೆಸರು ಡಿ ವ್ರೀಸ್. ನಗಬೇಡಿ ಮಕ್ಕಳೇ, ಅವನೆದುರು ನಕ್ಕವರಿಗೆ ಅವನು ಚಹಾ ಕೊಡುವುದಿಲ್ಲ.

ಗೋವಿನಕೋವಿಯ ನನ್ನ ತವರಿಗೆ ಒಮ್ಮೆ ಡೈರಿಯ ಡಾಕ್ಟರ ಜೊತೆ ಹಾಲೆಂಡಿನವರೊಬ್ಬರು ಹಸು ನೋಡಲು ಬಂದರು. ಅವರ ಹೆಸರಿನ ಕೊನೆಗೆ ಡಿ ವ್ರೀಸ್ ಎಂದಿತ್ತು. ಹಾಗೆಂದರೇನು ಎಂದು ತಮ್ಮ ಕೇಳಿದ. ಡಾಕ್ಟರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅವರ ದೇಶದಲ್ಲಿ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯಿದೆ. ಹಿಂದೆ ಅಲ್ಲಿಂದ ಹೊರಟು ಬೇರೆ ಊರು ಸೇರಿದವನನ್ನು ಆ ಊರಿನವರು ಡಿ ವ್ರೀಸ್, ಅಂದರೆ ಫ್ರೀಸ್‌ಲ್ಯಾಂಡಿನವನು, ಎಂದು ಕರೆದರು. ಅದೇ ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡು ದೇಶವೆಲ್ಲ ಹಬ್ಬಿತು.

ಇದರಲ್ಲೇನು ಹೊಸದು? ಮದುವೆಯಾಗಿ ಸಾಸ್ವೆಹಳ್ಳಿಗೆ ಬಂದ ನನ್ನನ್ನು ಇಲ್ಲಿ ಎಲ್ಲರೂ ಗೋವಿನಕೋವಿಯಾಕಿ ಎನ್ನುತ್ತಾರೆ. ನನ್ನ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು.

ತಮ್ಮನ ಕಣ್ಣು ಮಾತ್ರ ಅರಳಿದವು. ನಮ್ಮ ಕೊಟ್ಟಿಗೆಯ ಕಪ್ಪು ಬಿಳಿ ಹಸು ಗೌರಿಯ ತಳಿಯೂ ಅದೇ ಸೀಮೆಯದಂತೆ.

“ಡಾಕ್ಟ್ರೇ, ಹಂಗಾದ್ರೆ ನಮ್ಮ ಗೌರೀನೂ ಊರು ಬಿಟ್ಟು ಬಂದಾಕಿನೇ ಆತು. ಆ ಹೆಸ್ರು ಅದಕ್ಕೂ ಸಲ್ಬೇಕು ಅಂತ ಕೇಳ್ರಿ.”

ಡಾಕ್ಟರು ಕೇಳಿದರು. ಬಂದವರು ನಕ್ಕು ಹಸುವಿನ ಹಣೆ ಸವರಿದರು. ತಮ್ಮನ ಪಾಲಿಗೆ ನಾಮಕರಣ ಮುಗಿಯಿತು.

ಆಮೇಲೆ ಆ ಮನೆತನ ಹಬ್ಬಿತು ನೋಡಿ. ಗೌರಿಯ ಒಂದು ಕರು ಹೊನ್ನಾಳಿಗೆ ಮಾರಾಟವಾಯಿತು. ಇನ್ನೊಂದು ಚಿಕ್ಕಪ್ಪನ ಮಗಳ ಬಳುವಳಿಯಾಗಿ ಚನ್ನಗಿರಿಗೆ ಹೋಯಿತು. ಅದರ ಮಗಳು ಜಗಳೂರು ಸೇರಿತು. ಒಂದು ನನ್ನ ಕೊಟ್ಟಿಗೆಗೂ ಬಂತು. ತಮ್ಮ ಬೈಕ್ ಹತ್ತಿ ಎಲ್ಲ ಮನೆಗೂ ಹೋಗಿ, ಬಾಣಂತಿಯರನ್ನು ವಿಚಾರಿಸುವಂತೆ ವಿಚಾರಿಸುತ್ತಿದ್ದ. ಹೊನ್ನಾಳಿಯವರು ತಮ್ಮ ಹಸುವಿಗೆ ಲಕ್ಷ್ಮಿ ಎಂದು ಹೆಸರಿಟ್ಟಾಗ ಜಗಳಕ್ಕೇ ನಿಂತ.

“ಲಕ್ಷ್ಮಿ ಅನ್ರಿ, ಸರಸ್ವತಿ ಅನ್ರಿ, ನಂದೇನಿಲ್ಲ. ಮನೆ ಹೆಸ್ರು ಮಾತ್ರ ಬಿಡಬ್ಯಾಡ್ರಿ.”

“ಮದ್ವೆ ಆದ ಹೆಣ್ಮಕ್ಳೇ ತವ್ರ ಹೆಸ್ರು ಬಿಡ್ತಾರಲ್ರೀ ಯಜಮಾನ್ರೇ?”

“ಅವ್ರಿಗೆ ನೀವು ಬಿಡ್ಸೀರಿ. ಹಸು ತಂಟೆಗೆ ಬರಬ್ಯಾಡ್ರಿ.”

“ಹೋಗ್ಲಿ, ಇದ್ರ ಅಪ್ಪನ ಮನೆ ಹೆಸ್ರೇನು?”

“ಅಪ್ಪ ಡಾಕ್ಟ್ರ ಇಂಜೆಕ್ಷನ್ ಡಬ್ಬಿಯಾಗೆ ಬಂದಾನೆ. ಡಬ್ಬೀನ ಕೇಳ್ರಿ.”

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವನು ಪ್ರತಿ ಸೋಮವಾರ ನಮ್ಮಲ್ಲಿಗೆ ಬರತೊಡಗಿದ. ಹೇಗಿದ್ದೀ ಎಂದು ನನ್ನನ್ನು ಒಂದು ದಿನವೂ ಕೇಳಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಹಸುವನ್ನು ಕೇಳುತ್ತಿದ್ದ.

“ಹೊತ್ತಿಗೆ ಸರಿಯಾಗಿ ತಿಂತೀಯೇನವ್ವ? ನಿದ್ದೆ ಬರ್ತೈತಾ? ಮಂಡಿ ನೋವು ಹೆಂಗೈತೆ?”

ಹಸುವಿಗೆಲ್ಲಿಯ ಮಂಡಿ ನೋವು? ನಾನು ಅಡುಗೆಮನೆಯಿಂದಲೇ “ಪರವಾಗಿಲ್ಲ ಕಣೋ” ಎನ್ನುತ್ತಿದ್ದೆ. ಹಸುವಿನ ಬೆನ್ನು ತಟ್ಟಿ, ಉಂಡು ಹೋಗುತ್ತಿದ್ದ.

ಮಂಡಿ ನೋವು ಹೆಚ್ಚಾಗಿ, ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯಲು ನನ್ನಿಂದ ಆಗದಾಯಿತು. ಹಸುವನ್ನು ಕೊಡಲೇಬೇಕು. ಹಾಲಿನ ಚಿಂತೆ ನನಗಿರಲಿಲ್ಲ. ಹಸುವೇ ಇಲ್ಲದ ಮನೆಗೆ ಇವನು ಯಾಕೆ ಬಂದಾನು? ಬಾ ಎಂದು ಕರೆಯಲು ನನಗೂ ಸಂಕೋಚ. ಇಬ್ಬರೂ ಒಂದೇ ತಾಯಿಯ ಮಕ್ಕಳಲ್ಲವೇ? ನ್ಯಾಮತಿಯವರೊಬ್ಬರು ಗುರುವಾರ ಬಂದು ಹಸುವನ್ನು ಹೊಡೆದುಕೊಂಡು ಹೋದರು.

ಸೋಮವಾರ ಬೆಳಗಿನಿಂದ ನನ್ನ ಕಿವಿಯೆಲ್ಲ ರಸ್ತೆಯ ಕಡೆಗೆ. ಮಧ್ಯಾಹ್ನ ಬೈಕ್ ಬಂದು ನಿಂತಿತು.

“ಹಸು ಕೊಟ್ಟುಬಿಟ್ಟೆ ಕಣೋ,” ಎಂದೆ.

“ಗೊತ್ತೈತೆ. ನ್ಯಾಮತಿಯಾಗೆ ನೋಡ್ಕೊಂಡೇ ಬಂದೆ. ಚೆನ್ನಾಗೈತೆ.”

ನ್ಯಾಮತಿ ಅವನ ಊರಿಗೆ ಹತ್ತಿರ. ಹಸುವನ್ನು ನೋಡಿ ಅಲ್ಲಿಂದಲೇ ಮನೆಗೆ ತಿರುಗಬಹುದಿತ್ತು.

ಬರಿದಾದ ಕೊಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಒಳಗೆ ಬಂದು ತಟ್ಟೆಯ ಮುಂದೆ ಕೂತ. ಸಾರು ಬಡಿಸುತ್ತಾ, ಅವನು ಕೇಳದಿದ್ದರೂ ನಾನೇ ಹೇಳಿದೆ.

“ಮಂಡಿ ಈಗ ಒಂಚೂರು ವಾಸಿ.”

ಅವನು ತಲೆಯೆತ್ತದೆ “ಹ್ಞೂಂ” ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಹೊರಡುವಾಗ ಬೈಕ್ ಒದ್ದು ಶುರುಮಾಡಿ, ನನ್ನ ಕಡೆ ನೋಡದೆಯೇ ಹೇಳಿದ.

“ಬರೋ ಸೋಮವಾರ ಬರಾಕೆ ಆಗಲ್ಲಕ್ಕ. ಮಂಗಳವಾರ ಬರ್ತೀನಿ.”