ಉಡದ ಮಂದಿ ಬಾಗಿಲು ಬಡಿಯುವುದಿಲ್ಲ

ಬಾಲವಿಲ್ಲದವರ ಊರಿನಲ್ಲಿ ಕೂತು ಬಾಲವಿದ್ದವರ ಸಂಸಾರದ ಚಿಂತೆ ಮಾಡುವ ಹೆಂಗಸಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗಂತೂ ಒಂದು ಮುಗಿಯುವುದರೊಳಗೆ ಇನ್ನೊಂದು ಆಯಿತು. ನಗುವವರು ನಗಲಿ ಎಂದೇ ಬರೆಯುತ್ತಿದ್ದೇನೆ. ಆಗ ನಾನೊಬ್ಬಳು ಮಾತ್ರ ನಕ್ಕಿರಲಿಲ್ಲ.

ನವಲಗುಂದದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಯಾರೂ ಕೊಟ್ಟದ್ದಲ್ಲ, ನಾನೇ ದುಡಿದು ಹಾಕಿದ್ದು. ಅದರ ಹಿಂದಿನ ಖೋಲಿಯಲ್ಲಿ ಒಬ್ಬಳೇ ಇರುತ್ತೇನೆ. ಓದನ್ನೂ ಯಾರೂ ಕಲಿಸಲಿಲ್ಲ. ಚೀಲದ ಮೇಲಿನ ಅಕ್ಷರ, ಬಸ್ಸಿನ ಬೋರ್ಡು, ಆಮೇಲೆ ಲೈಬ್ರರಿಯ ಪುಸ್ತಕ, ಹೀಗೆ ನಾನೇ ಹಟ ಹಿಡಿದು ಕಲಿತೆ. ಗಿರಣಿ ತಿರುಗುವಾಗ ಜನ ಇರುತ್ತಾರೆ, ಮಾತು ಕೇಳಿಸುವುದಿಲ್ಲ. ಗಿರಣಿ ನಿಂತ ಮೇಲೆ ಮಾತು ಕೇಳಿಸೀತು, ಆದರೆ ಜನ ಇರುವುದಿಲ್ಲ. ಇಡೀ ದಿನದಲ್ಲಿ ನನ್ನ ಪಾಲಿಗೆ ಬರುವ ಮಾತು ಎರಡೇ: "ಸಣ್ಣಗ ಬೀಸ್ರಿ", ಆಮೇಲೆ "ಇನ್ನೊಂಚೂರು ಸಣ್ಣಗ ಬೀಸ್ರಿ".

ಒಂದು ದಿನ ಹೈಸ್ಕೂಲಿನ ವಿಜ್ಞಾನದ ಟೀಚರ್ ಗೋಧಿ ಬೀಸಿಸಲು ಬಂದರು. ಬೆಲ್ಟಿನ ಪಕ್ಕದಲ್ಲಿ ಕೂತು, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ನಾನು ದಪ್ಪನೆಯ ಪುಸ್ತಕ ಓದುತ್ತಿದ್ದುದನ್ನು ನೋಡಿದರು.

"ಅಕ್ಕಾರ, ರವಿವಾರ ಮಧ್ಯಾಹ್ನ ಖಾಲಿ ಇರ್ತೀರೇನ?"

ಖಾಲಿ ಇರುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲೇ ಇರಲಿಲ್ಲ. ಆದರೂ "ನೋಡ್ತೇನ್ರಿ" ಎಂದೆ.

ಹೀಗೆ ಆಟ ಶುರುವಾಯಿತು. ಮೆಡಿಕಲ್ ಶಾಪಿನ ಹಿಂದಿನ ಖೋಲಿಯಲ್ಲಿ ಜಮಖಾನ ಹಾಸಿ ನಾಲ್ಕು ಜನ ಕೂರುತ್ತಿದ್ದೆವು: ಟೀಚರ್, ಮೆಡಿಕಲ್ ಶಾಪಿನ ಯಜಮಾನರು, ಒಬ್ಬ ಬಸ್ ಕಂಡಕ್ಟರ್, ನಾನು. ಟೀಚರ್ ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ಆ ಪಾತ್ರದಂತೆಯೇ ಮಾತಾಡಬೇಕು. ಏನಾಗುತ್ತದೆಂದು ಸಂಶಯ ಬಂದರೆ ದಾಳ ಉರುಳಿಸಬೇಕು. ಮಾತು ಬರೆದಿಡದ ಬಯಲಾಟ ಎಂದುಕೊಳ್ಳಿ.

ಯಾರ ಮನೆ ಯಾರು ಬಿಡಬೇಕು

ಕಥೆಯ ನಾಡಿನಲ್ಲಿ ಪ್ರಾಣಿಗಳಂಥ ಮಂದಿಯೂ ಇರುತ್ತಾರೆ, ಬೇಕಾದವರು ಆಗಬಹುದು ಎಂದರು ಟೀಚರ್. ಮೆಡಿಕಲ್‌ನವರು "ನಾ ಮನಷ್ಯಾನ ಆಗ್ತೇನ್ರಿ, ಅದ ರೂಢಿ ಐತಿ" ಎಂದರು. ಕಂಡಕ್ಟರ್ ಹುಲಿ ಆಗುತ್ತೇನೆಂದು ಮೀಸೆ ತಿರುವಿದರು.

"ಆಗ್ರಿ," ಎಂದರು ಟೀಚರ್, "ಆದ್ರ ಮನಷ್ಯಾನ ಕುತ್ತಿಗಿಗೆ ಹುಲಿ ತಲಿ ಹಚ್ಚಿದ್ರ ಅದು ಸೋಗು ಆಕ್ಕೈತಿ, ಮಂದಿ ಆಗಂಗಿಲ್ಲ. ನಿಮ್ಮ ಹುಲಿಮಂದಿ ಏನ್ ತಿಂತಾರ? ಯಾವುದಕ್ಕ ನಾಚ್ತಾರ? ಬೀಗರು ಬಂದ್ರ ಏನ್ ಮಾಡ್ತಾರ? ಉಳದವರು ನಂಬಬೇಕು. ನಂಬಲಿಲ್ಲಂದ್ರ ಅಂಥಾ ಮಂದಿ ಈ ನಾಡಿನಾಗ ಇಲ್ಲ."

ಹುಲಿಯ ಬೀಗರ ವಿಷಯ ಕಂಡಕ್ಟರಿಗೆ ತಿಳಿಯಲಿಲ್ಲ. ಅವರೂ ಮನುಷ್ಯರಾದರು. ನಾನು "ಉಡ" ಎಂದೆ.

ಯಾಕೆಂದರೆ ನನ್ನ ಗಿರಣಿಯ ಚೀಲಗಳ ಸಂದಿಯಲ್ಲಿ ಒಂದು ಉಡ ಇತ್ತು. ಅದು ಹಳ್ಳದ ಕಡೆಯಿಂದ ಬಂದಾಗ ಇಡೀ ಓಣಿ ಗಾಬರಿಯಾಗಿತ್ತು. "ಉಡ ಹೊಕ್ಕ ಮನಿ ಬಿಡಬೇಕವಾ" ಎಂದು ಹಿರಿಯರು ಹೇಳಿ ಹೋದರು. ಈ ತಗಡು ಹೊದಿಸಿದವಳು ನಾನು, ಉಡ ಅಲ್ಲ, ಬಿಡುವುದಿದ್ದರೆ ಅದೇ ಬಿಡಲಿ ಎಂದೆ. ಅದೂ ನನ್ನಂಥದ್ದೇ. ಬಿಡಲಿಲ್ಲ. ಅದು ಇಲಿ ತಿಂದುಕೊಂಡಿತು, ನಾನು ರೊಟ್ಟಿ ತಿಂದುಕೊಂಡೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎದುರು ಮನೆಯಲ್ಲಿ ಜಮಖಾನ ನೇಯುವ ಮುದುಕಿ ಇದ್ದಾಳೆ, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕವ್ವ. ಹೀಗ್ಹೀಗೆ ಎಂದು ಅವಳಿಗೆ ಹೇಳಿದೆ.

"ಇರಲಿ ಬಿಡ ಬೇ," ಎಂದಳು, "ನಮ್ಮವರೂ ಹಂಗ ಇದ್ರು. ಮಾತಿಲ್ಲ, ಕಥಿಲ್ಲ. ಊಟದ ಹೊತ್ತಿಗೆ ಬರ್ತಿದ್ರು. ಜನ ಅದಕ್ಕ ಸಂಸಾರ ಅಂತಿದ್ರು."

ಬಾಲದ ಅಳತೆ

ಮುಂದಿನ ರವಿವಾರ ಮೆಡಿಕಲ್‌ನವರ ಪ್ರಶ್ನೆ: ನಿಮ್ಮ ಉಡದ ಮಂದಿ ಬಟ್ಟೆ ಹೇಗೆ ಹಾಕುತ್ತಾರೆ? ಅಷ್ಟು ದಪ್ಪ ಬಾಲ ಪೈಜಾಮದೊಳಗೆ ಹೋಗುತ್ತದೆಯೇ, ಹೊರಗಿರುತ್ತದೆಯೇ? ತೂತು ಮಾಡಿದರೆ ಕೂತಾಗ ಹರಿಯುವುದಿಲ್ಲವೇ?

ನಾನು ಉತ್ತರ ಗೊತ್ತಿಲ್ಲದೆ ಮಾತಾಡುವವಳಲ್ಲ. ಸೀದಾ ನಮ್ಮ ಟೇಲರ್ ಹತ್ತಿರ ಹೋದೆ.

"ಬಾಲ ಇದ್ದವರಿಗೆ ಪೈಜಾಮ ಹೊಲಿಬೇಕಂದ್ರ ಹೆಂಗ ಹೊಲಿತೀರಿ?"

ಟೇಲರ್ ನಲವತ್ತು ತರಹದ ಗಿರಾಕಿಗಳನ್ನು ಕಂಡವರು. ನಗಲಿಲ್ಲ. "ಬಾಲ ಎಲ್ಲಿಂದ ಶುರು ಆಕ್ಕೈತಿ? ಸೊಂಟದಿಂದೋ, ಅದರ ಕೆಳಗೋ?" ಎಂದು ಕೇಳಿದರು. ಆಮೇಲೆ ಸುಣ್ಣದ ಬಿಲ್ಲೆಯಿಂದ ಬಟ್ಟೆಯ ಮೇಲೆ ಗೆರೆ ಎಳೆದು, "ತೂತು ಬ್ಯಾಡ್ರಿ, ಹರಿತೈತಿ. ಹಿಂದ ಎರಡ ಪದರ ಬಿಟ್ಟು, ಒಂದರ ಮ್ಯಾಲ ಒಂದ ಬರೂಹಂಗ ಮಾಡಿ, ಸೊಂಟಕ್ಕ ಲಾಡಿ ಕಟ್ಟೂಣು. ಅವರನ್ನ ಒಮ್ಮೆ ಕರಕೊಂಡ ಬರ್ರಿ, ಅಳತಿ ತಗೋತೇನಿ" ಎಂದರು.

"ಅವರು ಬರೂದಿಲ್ರಿ. ಯಾರ ಎದುರಿಗೂ ಬರೂ ಪೈಕಿ ಅಲ್ಲ" ಎಂದೆ. ಉಡಗಳ ಸ್ವಭಾವ ಇದ್ದದ್ದು ಇದ್ದ ಹಾಗೆ ಹೇಳಿದೆ, ಅಷ್ಟೇ.

ಸಂಜೆಯೊಳಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಡಬ್ಬಿ ಹಿಡಿದು ಬಂದರು. ಮುಷ್ಟಿ ಜೋಳ ಬೀಸಿಸಲೂ ಬಂದರು. ಎಲ್ಲರ ಕಣ್ಣೂ ನನ್ನ ಹಿಂದಿನ ಖೋಲಿಯ ಮೇಲೆ. ನಾನು ಇಷ್ಟು ವಯಸ್ಸಾದ ಮೇಲೆ ಮದುವೆಯಾಗುತ್ತಿದ್ದೇನೆ, ವರನಿಗೆ ಏನೋ ಐಬು ಇದೆ, ಅದಕ್ಕೇ ಮುಚ್ಚಿಟ್ಟಿದ್ದೇನೆ ಎಂದು ಸುದ್ದಿ.

ಗಿರಣಿ ನಿಲ್ಲಿಸಿದ್ದು ಅವರಿಗೆ ಗೊತ್ತಾಗಲಿಲ್ಲ. ಒಬ್ಬಳು ಇನ್ನೊಬ್ಬಳಿಗೆ ಜೋರಾಗಿಯೇ ಹೇಳುತ್ತಿದ್ದಳು: "ಇಷ್ಟ ವರ್ಷಕ್ಕ ಒಬ್ಬಾಂವ ಸಿಕ್ಕಾನ. ಬಾಲ ಇದ್ರ ಇರವಲ್ದ್ಯಾಕ, ಹೊರಗ ಹೋಗೂಮುಂದ ಧೋತರ ಉಟ್ಟರಾತು."

ಬಿಸಿಲು ಬರುವವರೆಗೆ

ಉಡದ ರಕ್ತ ತಣ್ಣನೆಯದು. ಬೆನ್ನಿಗೆ ಬಿಸಿಲು ತಾಗುವವರೆಗೆ ಅದು ಕೈಕಾಲು ಆಡಿಸುವುದಿಲ್ಲ. ಹಾಗಾದರೆ ಉಡದ ಮಂದಿಯ ಊರಿನಲ್ಲಿ ಮುಂಜಾನೆ ಯಾರನ್ನಾದರೂ ಮಾತಾಡಿಸಿದರೆ ಅವರು ಉತ್ತರ ಕೊಡುವುದಿಲ್ಲ, ಅದನ್ನು ಯಾರೂ ಸೊಕ್ಕು ಎಂದು ತಿಳಿಯುವುದಿಲ್ಲ ಎಂದೆ, ಇನ್ನೊಂದು ರವಿವಾರದ ಆಟದಲ್ಲಿ. ಬಿಸಿಲು ನೆತ್ತಿಗೆ ಬಂದಾಗ ಮುಂಜಾನೆ ಕೇಳಿದ್ದಕ್ಕೆ ಉತ್ತರ ಬರುತ್ತದೆ.

"ಇದನ್ನ ನಾ ನಂಬ್ತೇನ್ರಿ," ಎಂದರು ಕಂಡಕ್ಟರ್ ತಕ್ಷಣ. "ಮುಂಜಾನಿ ಫಸ್ಟ್ ಬಸ್ಸಿನಾಗ ನಮ್ಮ ಡ್ರೈವರ್‌ಗ 'ಹೋಗೂಣ್ರ್ಯಾ' ಅಂದ್ರ, ಹುಬ್ಬಳ್ಳಿ ಮುಟ್ಟಿದ ಮ್ಯಾಲ 'ಹೂಂ' ಅಂತಾನ."

ಅವತ್ತು ಎಲ್ಲರೂ ನಕ್ಕರು. ಉಡದ ಮಂದಿ ಹೆಸರು ಇಟ್ಟುಕೊಳ್ಳುವುದಿಲ್ಲ, ಮಣ್ಣಿನಲ್ಲಿ ಬಾಲ ಎಳೆದ ಗೆರೆ ನೋಡಿ ಇದು ಇಂಥವರದು ಎಂದು ಗುರುತಿಸುತ್ತಾರೆ ಎಂದು ನಾನು ಹೇಳಿದ್ದರಿಂದ ಅವರಿಗೆ ನನ್ನನ್ನು ಕರೆಯಲು ಹೆಸರಿರಲಿಲ್ಲ. ಕಂಡಕ್ಟರೇ "ಉಡಕ್ಕ" ಎಂದು ಇಟ್ಟರು. ಸುಮ್ಮನೆ ಕೂರದೆ, ಬೀದಿಯಲ್ಲೂ ಬಸ್ಸಿನ ಬಾಗಿಲಿನಿಂದ "ಉಡಕ್ಕಾ, ಆರಾಮ?" ಎಂದು ಕೂಗುತ್ತಿದ್ದರು. ನನ್ನ ಮರ್ಯಾದೆ ಹೋಯಿತೆಂದು ಮುಖ ಗಂಟಿಕ್ಕುತ್ತಿದ್ದೆ. ಆದರೆ ಆ ಬಸ್ಸು ಹಾಯುವ ಹೊತ್ತಿಗೆ ಗಿರಣಿಯ ಬಾಗಿಲಲ್ಲಿ ಏನಾದರೊಂದು ಕೆಲಸ ನನಗೆ ಇದ್ದೇ ಇರುತ್ತಿತ್ತು. ಬಾಗಿಲ ಮುಂದಿನ ಅಂಗಳವನ್ನು ನನ್ನಷ್ಟು ಸಲ ಓಣಿಯಲ್ಲಿ ಯಾರೂ ಗುಡಿಸಿಲ್ಲ.

ಬಿಲದ ಮುಂದೆ ಕೂರುವ ರೀತಿ

ಮೆಡಿಕಲ್‌ನವರಿಗೆ ಮಾತ್ರ ಒಂದು ಸಂಶಯ ಹೋಗಲಿಲ್ಲ. ಉಡಗಳು ಒಂಟಿ. ಒಂದೊಂದು ಬಿಲಕ್ಕೆ ಒಂದೊಂದೇ. ಹಾಗಿದ್ದರೆ ಅವರು ಒಂದು ಮಂದಿ ಆಗುವುದು ಹೇಗೆ?

"ಭೇಟಿಗೆ ಬರೂ ಪದ್ಧತಿ ಐತ್ರಿ," ಎಂದೆ. ರೊಟ್ಟಿ ಬಡಿಯುವಾಗ ಯೋಚಿಸಿದ್ದೆ. ಒಬ್ಬಳಿಗೇ ರೊಟ್ಟಿ ಬಡಿಯುವಾಗ ಯೋಚನೆಗೆ ಯಾರೂ ಅಡ್ಡ ಬರುವುದಿಲ್ಲ. "ಉಡದ ಮಂದಿ ಬಾಗಲಾ ಬಡಿಯೂದಿಲ್ಲ. ಬಡದ್ರ ಅಪಮಾನ. ಬಿಲದ ಮುಂದ ಬೆನ್ನ ಹಾಕಿ, ಬಿಸಲಾಗ ಕೂಡಬೇಕು. ಮಾತಾಡಬಾರದು, ಬ್ಯಾರೆಯವರು ಕೇಳಿದ್ರೂ ಮಾತಾಡಬಾರದು. ಒಳಗಿನವರಿಗೆ ಮನಸ್ಸಿದ್ರ ಒಮ್ಮೆ ಕೆಮ್ಮತಾರ. ಆವಾಗ ಒಳಗ ಬರಬೇಕು. ಕೆಮ್ಮಲಿಲ್ಲಂದ್ರ, ಬಿಸಲು ಬೆನ್ನಿಂದ ಸರಿದ ಮ್ಯಾಲ ಎದ್ದು ಹೋಗಬೇಕು. ಸಿಟ್ಟಾಗಬಾರದು."

"ಇಂಥಾ ಪದ್ಧತಿ ಯಾರ ಪಾಲಸ್ತಾರ್ರಿ?" ಎಂದರು ಮೆಡಿಕಲ್‌ನವರು. "ನನಗ ಮಂಡಿ ನೋವು. ಅರ್ಧ ತಾಸ ಸೈತ ಕೂಡಂಗಿಲ್ಲ. ನಂಬಂಗಿಲ್ಲ ಬಿಡ್ರಿ."

ಟೀಚರ್ ಮೆತ್ತಗೆ ಕೇಳಿದರು: "ಅಕ್ಕಾರ, ಒಂದ ಮಾತು. ಯಾರೂ ಬೇಡಂತ ಇರೂ ಹೆಂಗಸು ಈ ಕಥಿಯೊಳಗ ನಮ್ಮ ಜೋಡಿ ದಾರಿ ಹಿಡದು ಯಾಕ ಬರ್ತಾಳ? ಅದಕ್ಕ ಕಾರಣ ಹೇಳ್ರಿ. ಕಾರಣ ಇಲ್ಲಂದ್ರ ಉಡದ ಮಂದಿನ ಕೈಬಿಟ್ಟು ನೀವೂ ಮನಷ್ಯಾರ ಆಗಿಬಿಡ್ರಿ."

ಕಾರಣ ನನ್ನ ಗಂಟಲಲ್ಲೇ ಇತ್ತು. ಯಾರೂ ಬೇಡವೆಂದು ಇರುವುದು ಬೇರೆ, ಯಾರೂ ಬರಲಿಲ್ಲವೆಂದು ಹಾಗೆ ಇರುವುದು ಬೇರೆ. ಆದರೆ ಅದನ್ನು ಜಮಖಾನದ ಮೇಲೆ ಕೂತು ಮೂವರ ಎದುರು ಹೇಳುವವಳಲ್ಲ ನಾನು, ಒಬ್ಬಳೇ ಗಿರಣಿ ಹಾಕಿದವಳು. ಎದ್ದೆ. "ನನ್ನ ಮಂದಿ ನಿಮಗ ಬ್ಯಾಡಂದ್ರ ನಾನೂ ಬ್ಯಾಡ" ಎಂದು ಹೊರಟೆ. ಬಾಗಿಲಲ್ಲಿ ಸಿಟ್ಟಿನಲ್ಲಿ ಹಾಕಿಕೊಂಡದ್ದು ಮೆಡಿಕಲ್‌ನವರ ಚಪ್ಪಲಿ. ಅರ್ಧ ದಾರಿಯಲ್ಲಿ ಗೊತ್ತಾಯಿತು. ಹಟ ದೊಡ್ಡದು, ತಿರುಗಿ ಹೋಗಲಿಲ್ಲ. ಅವರು ನನ್ನ ಹೆಂಗಸರ ಚಪ್ಪಲಿ ಹಾಕಿಕೊಂಡು ಮನೆಗೆ ಹೋದರಂತೆ. ಹೆಂಡತಿ ಅದಕ್ಕೆ ನಂಬುವಂಥ ಕಾರಣ ಕೇಳಿದಳಂತೆ.

ಕೆಮ್ಮು

ಎರಡು ರವಿವಾರ ನಾನು ಹೋಗಲಿಲ್ಲ. ಮನುಷ್ಯಳಾಗಿ ಹೋಗುವ ಮನಸ್ಸಿರಲಿಲ್ಲ. ಹೋಗದೆ ಇರುವುದಕ್ಕೂ ಮನಸ್ಸಿರಲಿಲ್ಲ. ಅಷ್ಟರಲ್ಲಿ ಜ್ವರ, ನೆಗಡಿ, ಎದೆ ಬಿರಿಯುವ ಕೆಮ್ಮು. ಔಷಧ ಸಿಗುವ ಅಂಗಡಿಯವರ ಮೇಲೇ ಸಿಟ್ಟು ಇದ್ದುದರಿಂದ ಔಷಧ ತರಲಿಲ್ಲ. ಗಿರಣಿಯ ಶಟರ್ ಇಳಿಸಿ ಮಲಗಿದೆ.

ಮೂರನೆಯ ರವಿವಾರ ಬೆಳಿಗ್ಗೆ ಹೊರಗೆ ಏನೋ ಸರಿದಾಡಿದ ಸಪ್ಪಳ. ಶಟರಿನ ಸಂದಿಯಿಂದ ನೋಡಿದೆ. ಗಿರಣಿಯ ಮುಂದಿನ ಕಟ್ಟೆಯ ಮೇಲೆ ಟೀಚರ್, ಕಂಡಕ್ಟರ್, ಮೆಡಿಕಲ್‌ನವರು ಸಾಲಾಗಿ ಕೂತಿದ್ದರು. ನನಗೆ ಬೆನ್ನು ಹಾಕಿ. ಬಿಸಿಲಿನಲ್ಲಿ. ಮಾತಿಲ್ಲದೆ.

ನನಗೆ ಅರ್ಥವಾಯಿತು. ಅದೇ ಹೊತ್ತಿಗೆ ಕೆಮ್ಮೂ ಬಂತು.

ಕೆಮ್ಮಿದರೆ ಒಳಗೆ ಬನ್ನಿ ಎಂದ ಹಾಗೆ. ಇಷ್ಟು ಬೇಗ ಸೋಲುವವಳಲ್ಲ ನಾನು. ಹೊದ್ದಿದ್ದ ಕೌದಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕೂತೆ. ಕಣ್ಣಲ್ಲಿ ನೀರು.

ಹಾದು ಹೋಗುತ್ತಿದ್ದವರು ನಿಂತರು. ಗಿರಣಿ ಬಂದ್, ಬಾಗಿಲ ಮುಂದೆ ಮೂರು ಜನ ಸಪ್ಪೆ ಮುಖ ಮಾಡಿ ಕೂತಿದ್ದಾರೆ. ನಮ್ಮ ಕಡೆ ಬಾಗಿಲ ಮುಂದೆ ಜನ ಹಾಗೆ ಕೂರುವುದು ಯಾವಾಗ ಎಂದು ಹೇಳಬೇಕಿಲ್ಲ.

"ಏನಾತ್ರಿ?" ಎಂದು ಯಾರೋ ಕೇಳಿದರು.

ಕಂಡಕ್ಟರ್ ಪದ್ಧತಿ ಮುರಿಯುವವರಲ್ಲ. ಮಾತಾಡದೆ ತಲೆ ತಗ್ಗಿಸಿ, ಹಿಂದಿನ ಶಟರಿನ ಕಡೆ ಕೈ ತೋರಿಸಿದರು.

"ಯಾವಾಗ?"

ಮೆಡಿಕಲ್‌ನವರು ಗೊತ್ತಿಲ್ಲವೆಂದು ಕೈ ಅಲ್ಲಾಡಿಸಿದರು. ಆಮೇಲೆ ಕಣ್ಣು ಒರೆಸಿಕೊಂಡರು. ಮಂಡಿ ನೋವಿಗೆ ಎಂದು ನನಗೆ ಗೊತ್ತು, ಓಣಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಫೋನು ಟಿಣ್ ಎಂದಿತು. ನಮ್ಮ ಓಣಿಯ ವಾಟ್ಸಾಪ್ ಗ್ರೂಪು. ನನ್ನದೇ ಫೋಟೋ, ಸುತ್ತಲೂ ಹೂವು, ಕೆಳಗೆ ದೀಪ. "ಓಂ ಶಾಂತಿ." ಅದರ ಕೆಳಗೆ ಓಂ ಶಾಂತಿ, ಮತ್ತೆ ಓಂ ಶಾಂತಿ, ಕೈಮುಗಿದ ಚಿತ್ರ, ಮತ್ತೆ ಓಂ ಶಾಂತಿ. ಆ ಗ್ರೂಪಿನಲ್ಲಿ ನಾನು ಹಾಕಿದ ಶುಭೋದಯಕ್ಕೆ ಅಲ್ಲಿಯವರೆಗೆ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ.

ಹೊರಗೆ ಜನ ಸೇರಿದರು. ಒಬ್ಬರು ಮಾಲೆ ತಂದರು. "ಭಾಳ ಬಿರುಸು ಹೆಂಗಸು," ಎಂದಿತು ಒಂದು ದನಿ. "ಆದ್ರ ಹಿಟ್ಟು ಛಲೋ ಬೀಸತಿದ್ಲು." "ನನ್ನ ಗೋಧಿ ಒಳಗ ಉಳೀತು," ಎಂದು ಇನ್ನೊಂದು ದನಿ ಅತ್ತಿತು. ಬಾಲದ ವರನಿಗೆ ಸುದ್ದಿ ಮುಟ್ಟಿಸಬೇಕಲ್ಲ, ಅವನ ನಂಬರ್ ಯಾರ ಹತ್ತಿರ ಇದೆ ಎಂದು ಟೇಲರ್ ವಿಚಾರಿಸಿದರು.

ಕೌದಿ ಕಚ್ಚಿ ಹಿಡಿದೇ ಇದ್ದೆ. ಆಗ ಶಟರಿನ ತೀರ ಹತ್ತಿರ ಖಾಲಾಳ ದನಿ ಕೇಳಿಸಿತು. ಯಾರಿಗೂ ಹೇಳುತ್ತಿರಲಿಲ್ಲ ಅವಳು.

"ದಿನಾ ಇಕಿ ಶಟರ್ ಇಳಿಸಿದ ಸಪ್ಪಳಾ ಕೇಳಿದ ಮ್ಯಾಲ ನಾ ಹಾಸಗಿ ಹಾಸ್ತಿದ್ದೆ. ಇನ್ನ ಯಾವ ಸಪ್ಪಳಾ ಕೇಳಿ ಮಲಗ್ಲಿ?"

ಕೌದಿ ಬಾಯಿಂದ ಬಿತ್ತು. ಆಮೇಲೆ ಬಂದ ಕೆಮ್ಮಿಗೆ ಶಟರ್ ಅದುರಿತು.

ಮಾಲೆ ಹಿಡಿದವರು ಮಾಲೆ ಬಿಟ್ಟು ಓಡಿದರು. ಚೀಲಗಳ ಸಂದಿಯಿಂದ ಉಡವೂ ಎದ್ದು ಹಿಂದಿನ ಗೋಡೆ ಹತ್ತಿತು. ಕಟ್ಟೆಯ ಮೇಲಿನ ಮೂವರು ಮಾತ್ರ ಗಂಭೀರವಾಗಿ ಎದ್ದು ನಿಂತರು. "ಕೆಮ್ಮಿದ್ರು," ಎಂದರು ಟೀಚರ್, "ಅಪ್ಪಣಿ ಸಿಕ್ತು. ಬರ್ರಿ ಒಳಗ."

ಶಟರ್ ಎತ್ತಿದೆ. ಮೆಡಿಕಲ್‌ನವರು ಮಂಡಿ ತಿಕ್ಕಿಕೊಳ್ಳುತ್ತ, ಕಿಸೆಯಿಂದ ಕೆಮ್ಮಿನ ಔಷಧದ ಬಾಟ್ಲಿ ತೆಗೆದು ನನ್ನ ಕೈಗಿಟ್ಟರು. "ನಿಮ್ಮ ಮಂದಿನ ನಂಬೀನ್ರಿ. ಇಡೀ ಓಣಿನ ನಂಬೇತಿ. ನನ್ನ ಚಪ್ಪಲಿ ಕೊಡ್ರಿ."

"ಪ್ರಶ್ನಿ ಹಂಗ ಉಳದೈತಿ," ಎಂದರು ಟೀಚರ್. "ಉಡದ ಹೆಂಗಸು ನಮ್ಮ ಜೋಡಿ ಯಾಕ ಬರ್ತಾಳ?"

"ಬೆನ್ನ ಹಾಕಿ ಕುಂತವರು ಎದ್ದ ಹೋಗಲಿಲ್ಲ, ಅದಕ್ಕ" ಎಂದೆ. ಟೀಚರ್ ದಾಳ ಕೇಳಲಿಲ್ಲ.

ಖಾಲಾ ಮೂವರನ್ನೂ ಸರಿಸಿ ಮುಂದೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ಕೆಂಪಾಗಿತ್ತು, ದನಿ ಅದಕ್ಕಿಂತ ಕೆಂಪು.

"ಸತ್ತಿಲ್ಲೇನ ಬೇ?"

"ಇಲ್ಲ."

"ಮತ್ತ ಗಿರಣಿ ಹಚ್ಚು."

ಹಚ್ಚಿದೆ. ಅಳಲು ಬಂದವರು ಮನೆಗೆ ಹೋಗಿ ಡಬ್ಬಿ ತಂದು ಸಾಲು ನಿಂತರು. ತಂದ ಮಾಲೆಯನ್ನು ವಾಪಸ್ ಒಯ್ಯುವಂತಿಲ್ಲ ಎಂದು ಮೋಟಾರಿಗೆ ಹಾಕಿದರು. ಸಾಲಿನ ಮುಂದೆ ಖಾಲಾಳೇ ಇದ್ದಳು. ಜೋಳ ಸುರಿದು, ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು:

"ಸತ್ತು ಬಂದೀಯಂತ ಬಿಡೂದಿಲ್ಲ. ಇನ್ನೊಂಚೂರು ಸಣ್ಣಗ ಬೀಸು."