ಪಡದೆಯೊಳಗಿನ ಗಣಕಯಂತ್ರ ಸಾಹೇಬರಿಗೆ ಪೇಂಟರ್ ಮಹಮ್ಮದಸಾಬನ ಅಹವಾಲು

ಡಿಸೆಂಬರ್ ೨೦೦೬

ಮಾನ್ಯ ಗಣಕಯಂತ್ರ ಸಾಹೇಬರೇ,

ನಮ್ಮೂರ ಹೈಸ್ಕೂಲಿನ ಮೂಲೆಯ ಕೋಣೆಯಲ್ಲಿ ಮೂರು ವರ್ಷಗಳಿಂದ ಸುಖವಾಗಿ ವಾಸಿಸುತ್ತಿರುವ ತಮ್ಮ ಪಾದಗಳಿಗೆ, ಪಾದಗಳಿದ್ದರೆ, ಇದೇ ಊರಿನಲ್ಲಿ ಬೋರ್ಡು ಬರೆದು ಬದುಕುವ ಪೇಂಟರ್ ಮಹಮ್ಮದಸಾಬನು ಮಾಡುವ ಸಲಾಮುಗಳು. ತಮ್ಮ ಪ್ರಕೃತಿ ಚಲೋ ಇದ್ದೀತೆಂದು ನಂಬಿದ್ದೇನೆ. ಇರದೆ ಏನು ಮಾಡೀತು, ಇವತ್ತಿನವರೆಗೆ ತಮ್ಮಿಂದ ಯಾರೂ ಕಡ್ಡಿ ಕೆಲಸ ಮಾಡಿಸಿಲ್ಲ.

ತಾವು ಲಾರಿಯಿಂದ ಇಳಿದ ದಿನ ನಮ್ಮ ಹೆಡ್‌ಮಾಸ್ತರರಾದ ಮುಕುಂದರಾಯರು ಇನ್ನು ಶಹರದ ಮಕ್ಕಳಿಗೂ ನಮ್ಮ ಮಕ್ಕಳಿಗೂ ಏನೇನೂ ಫರಕು ಉಳಿಯುವುದಿಲ್ಲವೆಂದು ಭಾಷಣ ಮಾಡಿದ್ದು, ನಾನು ಬಣ್ಣದ ಡಬ್ಬಿ ಕೆಳಗಿಟ್ಟು ಚಪ್ಪಾಳೆ ಹೊಡೆದದ್ದು ತಮಗೆ ನೆನಪಿರಬಹುದು. ಅದಾದ ಮೇಲೆ ತಮಗೆ ಒಂದು ಕೋಣೆ, ಒಂದು ಫ್ಯಾನು, ಕಿಡಕಿಗೆ ದಪ್ಪನೆಯ ಪಡದೆ, ಮೈಮೇಲೆ ಕಸೂತಿ ಹಾಕಿದ ಅರಿವೆ, ಬಾಗಿಲಿಗೆ ಕೀಲಿ, ಆ ಕೀಲಿಕೈಗೆ ರಾಯರ ಉಡದಾರ ಸಿಕ್ಕಿತು. ನಮ್ಮ ಮನೆಯ ಹೆಣ್ಣುಮಕ್ಕಳು ಸಂತೆಗೆ, ಸಾಲಿಗೆ, ದವಾಖಾನಿಗೆ ಆರಾಮ ತಿರುಗಾಡುತ್ತಿರುವಾಗ ಊರಲ್ಲಿ ಇಷ್ಟು ಕಟ್ಟುನಿಟ್ಟಿನ ಪಡದೆ ಪಾಲಿಸುವವರು ತಾವೊಬ್ಬರೇ ಎಂದು ನನ್ನ ಬೇಗಂ ಬದರುನ್ನಿಸಾ ತಮ್ಮನ್ನು ಭಾಳ ಹೊಗಳುತ್ತಾಳೆ. ಮಕ್ಕಳು ಮುಟ್ಟಿದರೆ ಕೆಟ್ಟೀರಿ ಎಂಬುದು ರಾಯರ ಚಿಂತೆ. ಪಾಪ, ಅವರದೂ ತಪ್ಪಲ್ಲ, ಕೆಟ್ಟರೆ ಮೇಲಿನವರು ಕೇಳುವುದು ಅವರನ್ನೇ.

ನನ್ನ ಮಗಳು ನಾಹೀದ ಇದೇ ಸಾಲಿಯಲ್ಲಿ ಈಗ ಒಂಬತ್ತನೆತ್ತೆ ಓದುತ್ತಾಳೆ. ರೋಣದ ತಹಶೀಲ್ದಾರ ಕಚೇರಿಯಲ್ಲಿ ಒಬ್ಬ ಹುಡುಗಿ ತಮ್ಮಂಥದೇ ಯಂತ್ರದ ಮುಂದೆ ಕುರ್ಚಿಯಲ್ಲಿ ಕುಳಿತು, ಟಕಟಕ ಎಂದು ಬಡಿದು ಒಂದೇ ನಿಮಿಷದಲ್ಲಿ ಹೊಲದ ಉತಾರ, ಅದೇ ಪಹಣಿ ಕಾಗದ, ತೆಗೆದುಕೊಟ್ಟದ್ದನ್ನು ನೋಡಿ ಬಂದಾಗಿನಿಂದ, ಅಬ್ಬಾ, ನಾ ಕುಂಡ್ರೂದು ಆ ಕುರ್ಚಿ ಮ್ಯಾಲೇ ಎಂದು ಹಟ ಹಿಡಿದಿದ್ದಾಳೆ. ತಮ್ಮ ಅಣ್ಣತಮ್ಮಂದಿರು ಗಜೇಂದ್ರಗಡದ ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟು ನನ್ನ ಹೊಟ್ಟೆಯ ಮೇಲೆ ಹೊಡೆದಿದ್ದಾರೆ ಸಾಹೇಬರೇ, ಈಗ ಮದುವೆ ಬೋರ್ಡಿಗೂ ಯಾರೂ ನನ್ನನ್ನು ಕರೆಯುವುದಿಲ್ಲ. ಆದರೂ ಮಗಳ ಆಸೆಯ ಮುಂದೆ ಆ ಸಿಟ್ಟನ್ನು ನುಂಗಿದೆ.

ಹೋದ ವರ್ಷ ಮಹಾನವಮಿಗೆ ರಾಯರು ತಮ್ಮ ಅರಿವೆ ಸರಿಸಿ ಪೂಜೆ ಮಾಡಿದಾಗ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ನಾನು ತಮ್ಮ ಅಕ್ಷರದ ಗುಂಡಿಗಳನ್ನು ಮೊದಲ ಸಲ ಕಂಡೆ. ಕಂಡು ಗಾಬರಿಯಾದೆ. ಮೊದಲಿಗೇ ಕ್ಯೂ, ಅದರ ಬಾಜೂಕ ಡಬ್ಲ್ಯೂ, ಎ ಎಂಬ ಹಿರಿಯಕ್ಷರ ಹೋಗಿ ಎರಡನೆಯ ಸಾಲಿನಲ್ಲಿ ಕುಳಿತಿದೆ! ಸರ, ಅಕ್ಷರ ಅದಲಿಬದಲಿ ಆಗ್ಯಾವರಿ ಎಂದು ರಾಯರಿಗೆ ತೋರಿಸಿದೆ. ಅವರೂ ಬಗ್ಗಿ ನೋಡಿ, ಗದಗಿನಿಂದ ಬರೂ ಈ ರಸ್ತಾದಾಗ ಮನಷ್ಯಾನ ಎಲುವೇ ಜಾಗಾ ಬಿಡತಾವ, ಇನ್ನ ಗುಂಡಿ ಹ್ಯಾಂಗ ನಿಂತಾವೋ ಮಹಮ್ಮದಸಾಬ ಎಂದರು. ನನಗೂ ಅದು ಖರೇ ಅನ್ನಿಸಿತು.

ಇಲ್ಲಿ ನನ್ನ ಕಸಬಿನ ಒಂದು ಚಟವನ್ನು ತಮಗೆ ಅರಿಕೆ ಮಾಡಿಕೊಳ್ಳಬೇಕು. ಬೋರ್ಡಿಗೆ ಕೊಟ್ಟ ಚೀಟಿಯಲ್ಲಿ ತಪ್ಪಿದ್ದರೆ ನಾನು ಕೇಳದೆಯೇ ತಿದ್ದುತ್ತೇನೆ, ನರಗುಂದದ ಕಾಳಿನ ವ್ಯಾಪಾರಿಗಳು ಇದಕ್ಕಾಗಿಯೇ ನನ್ನನ್ನು ಮೆಚ್ಚುತ್ತಿದ್ದರು. ಹಾಗಾಗಿ ಮನೆಗೆ ಬಂದವನೇ ಒಂದು ಪ್ಲೈವುಡ್ ಹಲಗೆಗೆ ಕರಿ ಬಣ್ಣ ಬಳಿದು, ಅದರ ಮೇಲೆ ತಮ್ಮ ಗುಂಡಿಗಳನ್ನೆಲ್ಲ ಬಿಳಿಯಲ್ಲಿ ಬರೆದು, ಮೇಲಿನ ಸಾಲಿಗೆ ಹತ್ತು, ನಡುವಿಗೆ ಒಂಬತ್ತು, ಕೆಳಗೆ ಏಳು ಎಂದು ಎ ಬಿ ಸಿ ಡಿಯನ್ನು ಸಾಲಾಗಿ, ಶಿಸ್ತಾಗಿ ಕೂರಿಸಿ ಮಗಳ ಕೈಗೆ ಕೊಟ್ಟೆ. ದಿನಾ ಮುಂಜಾನೆ ಬದರುನ್ನಿಸಾ ರೊಟ್ಟಿ ಬಡಿದರೆ ಇವಳು ಹಲಗೆ ಬಡಿದಳು. ಕನ್ನಡ ಕಲಿಸುವ ವಸುಧಾ ಅಕ್ಕೋರು, ಅವರೂ ತಮ್ಮ ದರ್ಶನಭಾಗ್ಯ ಇಲ್ಲದವರೇ, ಇಂಗ್ಲಿಷ್ ಪಾಠ ಓದಿ ಹೇಳುವರು, ನಾಹೀದ ಕಣ್ಣು ಮುಚ್ಚಿ ಬಡಿಯುವಳು. ವರ್ಷದೊಳಗೆ ಅವಳ ಬೆರಳುಗಳು ಕಣ್ಣಿಗೆ ಕಾಣದಷ್ಟು ಲಗೂ ಓಡುತ್ತಿದ್ದವು.

ಹೋದ ತಿಂಗಳು ರೋಣದಲ್ಲಿ ಅಕ್ಷರ ಬಡಿಯುವ ತಾಲೂಕಿನ ಪರೀಕ್ಷೆ ಆಯಿತು. ಗೆದ್ದ ಹತ್ತು ಮಕ್ಕಳಿಗೆ ವರ್ಷಪೂರ್ತಿ ಪುಕ್ಕಟೆ ಗಣಕಯಂತ್ರ ತರಬೇತಿ. ನಾಹೀದ ತಮ್ಮ ತಂಗಿಯೊಬ್ಬಳ ಮುಂದೆ ಕುಳಿತು, ಕಣ್ಣು ಮುಚ್ಚಿ, ಎಲ್ಲರಿಗಿಂತ ಮೊದಲು ಬಡಿದು ಮುಗಿಸಿ ಕಣ್ಣು ತೆರೆದಳಂತೆ. ಇಂಡಿಯಾ ಎಂದು ಬಡಿದಲ್ಲಿ ಓ ಎಫ್ ಆರ್ ಓ ಕ್ಯೂ ಎಂದು ಬಿದ್ದಿತ್ತಂತೆ. ಇಡೀ ಪುಟವೇ ಹಾಗೆ. ಬಾಜೂಕಿನ ಹುಡುಗರು ಇಣುಕಿ ನೋಡಿ ನಕ್ಕರಂತೆ.

ಮನೆಗೆ ಬಂದು ಅವಳು ನನಗೆ ಹೇಳಿದ್ದು ಇಷ್ಟೇ, ವ್ಯಾಳ್ಯಾ ಸಾಲಲಿಲ್ಲ ಅಬ್ಬಾ. ಹೇಳಿ ಮರುದಿನವೂ ಅದೇ ಹಲಗೆಯನ್ನು ಹಿಡಿದು ಬಡಿಯುತ್ತ ಕುಳಿತಳು, ಎಂಟು ದಿನ ಬಡಿದಳು. ಒಂಬತ್ತನೆಯ ದಿನ ವಸುಧಾ ಅಕ್ಕೋರು ಬಂದು ನಡೆದದ್ದನ್ನೆಲ್ಲ ಹೇಳಿದ ಮೇಲೆಯೇ ನನಗೆ ತಿಳಿದದ್ದು, ಹಲಗೆ ತಪ್ಪು ಎಂದು ಗೊತ್ತಿದ್ದೂ, ನನ್ನ ಮನಸ್ಸಿಗೆ ನೋವಾದೀತೆಂದು ಆ ಮಗು ಸುಮ್ಮನೆ ಬಡಿಯುತ್ತಿತ್ತು. ನಾನು ಅತ್ತೆ ಸಾಹೇಬರೇ. ಬಣ್ಣದ ಕೈಯಲ್ಲೇ ಮುಖ ಒರೆಸಿಕೊಂಡು ಅತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ವಿನಂತಿ ಏನೆಂದರೆ, ಪರೀಕ್ಷೆ ಮುಂದಿನ ವರ್ಷ ಮತ್ತೆ ಬರುತ್ತದೆ, ಅದೇ ಅವಳಿಗೆ ಕಡೆಯದು. ಅಷ್ಟರೊಳಗೆ ತಾವು ದಯಮಾಡಿ ಒಂದು ದಿನ ತಾವಾಗಿಯೇ ಎದ್ದು, ರಾಯರ ಉಡದಾರಕ್ಕೆ ಕೈ ಹಾಕಿ ಕೀಲಿಕೈ ತೆಗೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಮಕ್ಕಳ ನಡುವೆ ತಾಸೊಪ್ಪತ್ತು ಕುಳಿತು ಹೋಗಬೇಕು. ಅದು ಆಗದಿದ್ದರೆ ರಾಯರ ಕನಸಿನಲ್ಲಾದರೂ ಬಂದು, ನಾ ಮುಟ್ಟಿದರ ಸಾಯೂದಿಲ್ಲೋ ಮಾರಾಯಾ ಎಂದು ಒಂದು ಮಾತು ಹೇಳಬೇಕು. ಅದೂ ಆಗದಿದ್ದರೆ ಕೀಲಿ ಹಾಕಿದ ಕೋಣೆಯೊಳಗೇ ಹತ್ತನೆತ್ತೆ ಕಟ್ಟಿ ಪಾಸಾಗಿ, ನಮ್ಮ ಸಾಲಿಯ ಹೆಸರನ್ನು ಉಳಿಸಬೇಕು.

ಇಂತಿ, ತಮ್ಮನ್ನು ಒಂದೇ ಸಲ ಕಂಡು ವರ್ಷಪೂರ್ತಿ ಕೆಟ್ಟ,
ಆದರೂ ತಮ್ಮ ವಿಶ್ವಾಸಿ,
ಪೇಂಟರ್ ಮಹಮ್ಮದಸಾಬ

ತಾ. ಕ.: ಪರೀಕ್ಷೆಯಲ್ಲಿ ಉಳಿದ ಹೊತ್ತನ್ನು ನಾಹೀದ ಅಳುತ್ತ ಕಳೆಯಲಿಲ್ಲವಂತೆ, ತಮ್ಮ ತಂಗಿಯ ಗುಂಡಿಗಳನ್ನು ಕ್ಯೂದಿಂದ ಎಮ್ಮಿನವರೆಗೆ ಬಾಯಿಪಾಠ ಮಾಡಿದಳಂತೆ. ಅವಳು ಹೇಳಿದಂತೆ, ಒಂದಕ್ಷರವನ್ನೂ ತಿದ್ದದೆ, ಹೊಸ ಹಲಗೆ ಬರೆದುಕೊಟ್ಟಿದ್ದೇನೆ. ಈಗ ನಮ್ಮ ಮನೆಯಲ್ಲಿ ಅದರ ಸುತ್ತ ಹನ್ನೊಂದು ಮಕ್ಕಳು ಕುಳಿತು ಕಲಿಯುತ್ತಾರೆ. ಮೇಲಿನವರ ತಪಾಸಣೆ ಬಂದಿದೆ, ತಮ್ಮ ಕೋಣೆಯ ಬಾಗಿಲಿಗೆ 'ಗಣಕಯಂತ್ರ ಶಿಕ್ಷಣ ಕೇಂದ್ರ' ಎಂದೊಂದು ಬೋರ್ಡು ಬೇಕೆಂದು ರಾಯರು ಮೊನ್ನೆ ಹೇಳಿಕಳಿಸಿದ್ದರು. ಚಂದಾಗಿ ಬರೆದು ನಮ್ಮ ಮನೆಯ ಬಾಗಿಲಿಗೆ ಹಾಕಿದ್ದೇನೆ. ತಾವೂ ಬಿಡುವಾಗಿಯೇ ಇರುತ್ತೀರಿ, ಬಂದು ಕಲಿಯಬಹುದು.