ಜಡ್ಜ್ ಪೆಂಡರ್ ಅವರ ಕಾಗದದ ಪೆಟ್ಟಿಗೆಗಳು

ಎಫ್ರೈಮ್ ಪೂಲ್ ಅಂದು ಬಾಯಿ ಮುಚ್ಚಿಕೊಂಡು ಕ್ಷೌರ ಮಾಡಿಸಿಕೊಂಡಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಗಲ್ಲಕ್ಕೆ ಸೋಪಿನ ನೊರೆ ಬಿದ್ದ ಕೂಡಲೇ ಅವನ ನಾಲಿಗೆ ತುರಿಸಿತು.

"ಸಾಯಂಕಾಲದ ರೈಲಿಗೆ ಇತಿಹಾಸ ಸಂಘದ ಫೆನ್ ಸಾಹೇಬರು ಬರ್ತಾರೆ. ನಮ್ಮ ಜಡ್ಜ್ ಪೆಂಡರ್ ಅವರ ಕಾಗದಪತ್ರ ಎಲ್ಲಾ ಒಯ್ದು, ಅಚ್ಚು ಹಾಕಿಸ್ತಾರಂತೆ!" ಎಂದು ಕೊಚ್ಚಿಕೊಂಡ.

ಕ್ಷೌರಿಕನ ಕತ್ತಿ ಅರ್ಧ ಗಲ್ಲದಲ್ಲೇ ನಿಂತಿತು. ಅಮೆರಿಕದ ಓಹಾಯೋದ ಆ ಪುಟ್ಟ ಊರಿನಲ್ಲಿ ಸುದ್ದಿ ಹರಡಲು ಅಷ್ಟು ಸಾಕಾಗಿತ್ತು.

ಪೂಲ್‌ಗೆ ಆ ಕಾಗದಗಳು ಅನ್ನದ ಪ್ರಶ್ನೆ. ಅರ್ಧ ಆಯುಷ್ಯ ಜಡ್ಜ್ ಅವರ ಗುಮಾಸ್ತನಾಗಿ, ಬಂದ ಪತ್ರಗಳನ್ನೆಲ್ಲ ಜೋಡಿಸಿಟ್ಟವನು ಅವನು. ಅವರು ತೀರಿಕೊಂಡಾಗ ಮನೆ ಅಳಿಯನ ಪಾಲಾಯಿತು, ಕಾಗದಗಳು ಪೂಲ್‌ನ ಪಾಲಾದವು. ಅಲ್ಲೇ ವಾಸವಿದ್ದ ಪೂಲ್‌ಗೆ ಮನೆ ಖಾಲಿ ಮಾಡು ಎಂದು ಅಳಿಯ ತಗಾದೆ ಹಚ್ಚಿದ್ದ. ಸಂಘ ಕಾಗದಗಳನ್ನು ಒಪ್ಪಿಕೊಂಡರೆ ಅವನ್ನು ನೋಡಿಕೊಳ್ಳುವ ಕೆಲಸವೂ ಇರಲೊಂದು ಕೋಣೆಯೂ ಅವನಿಗೆ. ಇಲ್ಲದಿದ್ದರೆ ಅಕ್ಕ ಕೆಜಾಯಾಳ ಮನೆಯೇ ಗತಿ. ಅಲ್ಲಿ ಮೂರು ಹೊತ್ತೂ ಬೇಯಿಸಿದ ಟರ್ನಿಪ್ ಗೆಡ್ಡೆ, ನಂಜಿಕೊಳ್ಳಲು ಬೈಬಲ್ಲಿನ ಉಪದೇಶ.

ಅವನು ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಲೊವೈನಾ ಪೆಕ್ ಜಗಲಿಯ ಮೇಲಿದ್ದಳು.

"ಪೂಲ್, ನಿನಗೆ ಅಂತಾನೇ ಸೇಬಿನ ಪೈ ಮಾಡಿದೀನಪ್ಪ."

ಇಷ್ಟು ವರ್ಷಗಳಲ್ಲಿ ಅವನಿಗೆ ಒಂದು ಲೋಟ ನೀರು ಕೊಟ್ಟವಳಲ್ಲ. "ಏನಾಗ್ಬೇಕಿತ್ತು, ಹೇಳಮ್ಮಾ," ಎಂದ.

"ಏನಿಲ್ಲ, ಜಡ್ಜು ಕಾಂಗ್ರೆಸ್ ಸದಸ್ಯರಾಗಿ ವಾಷಿಂಗ್ಟನ್‌ನಲ್ಲಿದ್ದಾಗ ನಮ್ಮೆಜಮಾನರಿಗೆ ಅಂಚೆ ಮಾಸ್ತರ್ ಕೆಲಸ ಕೊಡ್ಸಿ ಅಂತ ಒಂದು ಕಾಗದ ಬರ್ದಿದ್ದೆ. ಅದೊಂದು ಕೊಟ್ಬಿಡು."

ಆ ಕಾಗದ ಪೂಲ್‌ಗೆ ಬಾಯಿಪಾಠ. ಅದರಲ್ಲಿ ಗಂಡನ ಬಗ್ಗೆ ಒಂದು ಸಾಲಿತ್ತು. ಅಂಚೆ ಮಾಸ್ತರ್ ಓಬೆಡ್ ಕ್ರಂಪ್‌ನ ಕುಡಿತದ ಬಗ್ಗೆ ನಾಲ್ಕು ಪುಟ. ಚುನಾವಣೆ ಗೆದ್ದ ಪಕ್ಷದವರಿಗೆ ಊರಿನ ಅಂಚೆ ಕಚೇರಿ ದಕ್ಕುವುದು ಅಲ್ಲಿನ ವಾಡಿಕೆ. ಇದ್ದದ್ದು ಒಂದು ಕಚೇರಿ, ಆಸೆಪಟ್ಟದ್ದು ಇಡೀ ಊರು. ಎಲ್ಲರೂ ಜಡ್ಜ್‌ಗೆ ಗುಟ್ಟಾಗಿ ಬರೆದವರೇ, ಎಲ್ಲರೂ ಪಕ್ಕದ ಮನೆಯವರ ಮೇಲೆ ಚಾಡಿ ಹೇಳಿದವರೇ. ಭಾನುವಾರ ಮಾತ್ರ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹಾಡುತ್ತಿದ್ದರು.

"ಒಂದು ಹಾಳೇನೂ ಕೊಡಕ್ಕಾಗಲ್ಲಮ್ಮ. ಅದೀಗ ಇತಿಹಾಸ."

"ನನ್ನ ಕಾಗದ ಯಾವನಪ್ಪನ ಇತಿಹಾಸ?" ಎಂದವಳೇ ಪೈ ಎತ್ತಿಕೊಂಡು ನಡೆದಳು.

ಅವಳ ಹಿಂದೆಯೇ ಪಾದ್ರಿ ವಿಟ್ಲೋ ಬಂದರು. "ಮಗನೇ, ಕೆಲವು ಮಾತನ್ನ ದೇವರೊಬ್ಬ ಓದಿದ್ರೆ ಸಾಕು."

"ನೀವು ಬರೆದಿದ್ದು ಜಡ್ಜ್‌ಗಲ್ವಾ ಪಾದ್ರಿಗಳೇ?"

ಪಾದ್ರಿಗಳು ಕೆಂಪಗಾಗಿ ಹೊರಟುಹೋದರು. ಕ್ರಂಪ್ ಬಾಗಿಲು ಬಡಿಯುವ ಗೋಜಿಗೇ ಹೋಗದೆ ಅಡುಗೆಮನೆಯ ಕಿಟಕಿಯಿಂದ ನುಗ್ಗಿದ. ಹೊಟ್ಟೆಯ ತನಕ ಒಳಗೆ ಬಂದು ಸಿಕ್ಕಿಕೊಂಡ. "ಲೋ ಪೂಲ್, ಎಳಿಯೋ!" ಎಂದು ಅರಚಿದ. ಎಳೆದರೆ ಒಳಗೆ ಬರುತ್ತಾನೆ. ಪೂಲ್ ಪೊರಕೆಯ ಹಿಡಿಯಿಂದ ಅವನನ್ನು ಹೊರಕ್ಕೆ ತಳ್ಳಿ, ಪೆಟ್ಟಿಗೆಗಳನ್ನು ಬಾಗಿಲಿಗೆ ಒತ್ತರಿಸಿ ಅವುಗಳ ಮೇಲೇ ಕುಕ್ಕರಿಸಿದ. ಅವನಿಗೆ ಅಳಬೇಕೋ ಬೈಯಬೇಕೋ ತಿಳಿಯದಾಯಿತು. ಜಡ್ಜ್ ಬದುಕಿದ್ದಾಗ ಅವರಿಗೆ ಕೊಟ್ಟ ಕಾಟ ಸಾಲದೆಂದು, ಸತ್ತ ಮೇಲೆ ಊರವರು ತನ್ನನ್ನು ಹಿಡಿದುಕೊಂಡಿದ್ದರಲ್ಲ!

ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಜನ. ಲೊವೈನಾ ಜಡ್ಜ್ ತನಗೆ ಬರೆದಿದ್ದ ಒಂದು ಕಂತೆ ಕಾಗದ ಎತ್ತಿ ಹಿಡಿದು ಕೂಗಿದಳು: "ನಮ್ಮ ಮಾನ ಹರಾಜು ಹಾಕೋ ಆ ಜಡ್ಜ್ ಬರೆದ ಒಂದಕ್ಷರಾನೂ ನಮ್ಮನೇಲಿ ಇರಕೂಡದು! ನಡೀರಿ, ಸುಟ್ಟುಹಾಕೋಣ!"

ಊರಿಗೆ ಊರೇ ಮನೆಗೆ ಓಡಿ, ಜಡ್ಜ್ ಬರೆದಿದ್ದ ಉತ್ತರಗಳನ್ನು ತಂದು ಅಂಗಳದಲ್ಲಿ ಗುಡ್ಡೆ ಹಾಕಿತು. ಪಾದ್ರಿಗಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನೂ ತಂದರು. ಕ್ರಂಪ್‌ನ ಬೆಂಕಿಕಡ್ಡಿ ಹತ್ತಲೇ ಇಲ್ಲ.

ತನ್ನ ಪೆಟ್ಟಿಗೆಯ ಗೊಡವೆ ಬಿಟ್ಟರಲ್ಲ ಎಂದು ಪೂಲ್‌ಗೆ ಹೋದ ಜೀವ ಬಂದಂತಾಯಿತು. ಕಿಟಕಿಯಿಂದ ತನ್ನ ಕಡ್ಡಿಪೆಟ್ಟಿಗೆಯನ್ನೇ ಎಸೆದ. "ತಗೊಳ್ರಪ್ಪ, ಚೆನ್ನಾಗಿ ಸುಡಿ!"

ಚೆನ್ನಾಗಿಯೇ ಸುಟ್ಟರು.

ಸಂಜೆ ಫೆನ್ ಸಾಹೇಬರು ಬಂದರು. ಪೆಟ್ಟಿಗೆ ತೆರೆದು ಒಂದು ಪತ್ರ ನೋಡಿದರು, ಇನ್ನೊಂದು ನೋಡಿದರು, ತಳದಿಂದ ಒಂದನ್ನು ಎಳೆದು ನೋಡಿದರು.

"ಎಲ್ಲಾ ಅಂಚೆ ಕಚೇರಿ ಬೇಡಿದ ಅರ್ಜಿಗಳೇ ಅಲ್ರೀ?"

"ಹೌದು ಸ್ವಾಮಿ! ಒಂದೂ ಕಳೆದಿಲ್ಲ, ಪ್ರಾಣ ಕೊಟ್ಟು ಕಾದಿದೀನಿ."

"ಅಯ್ಯೋ ಮಾರಾಯ, ಸತ್ತ ಪ್ರತಿಯೊಬ್ಬ ರಾಜಕಾರಣಿ ಮನೆಯಿಂದ್ಲೂ ಇದೇ ಬರೋದು. ನಮ್ಮ ನೆಲಮಾಳಿಗೆ ಇಲಿಗಳಿಗೂ ಬೇಜಾರಾಗಿದೆ. ಜಡ್ಜ್ ತಾವೇ ಬರೆದದ್ದು ಎಲ್ಲಿ?"

"ಅದನ್ನೆಲ್ಲ ಅಂಚೆಗೆ ಹಾಕ್ಬಿಟ್ರಲ್ಲ ಸ್ವಾಮಿ."

"ನಕಲು?"

"ಪ್ರಾಮಾಣಿಕನಿಗೆ ನಕಲು ಯಾಕೋ ಅಂತಿದ್ರು."

ಫೆನ್ ಸಾಹೇಬರು ನಕ್ಕರು. "ಹಾಗಾದ್ರೆ ಚಿಂತೆ ಇಲ್ಲ. ಊರವರು ಜೋಪಾನ ಮಾಡಿರ್ತಾರೆ. ಮನೆಮನೆಗೆ ಹೋಗಿ ತನ್ನಿ. ಒಂದು ಹಿಡಿಯಷ್ಟು ಸಿಕ್ಕಿದ್ರೂ ಸಾಕು, ಕೆಲಸ ನಿಮ್ಮದೇ."

ಪೂಲ್ ಕಿಟಕಿಯಾಚೆ ನೋಡಿದ. ಕ್ರಂಪ್ ಬೂದಿಯನ್ನು ಕೋಲಿನಿಂದ ಕೆದಕುತ್ತಿದ್ದ. ಅದು ಯಾವುದರ ಬೂದಿ ಎಂದು ಪೂಲ್ ಹೇಳಲೇಬೇಕಾಯಿತು.

"ನಿಮಗಾದ್ರೂ ಅವರು ಬರೆದ ಒಂದು ಚೀಟಿ ಇದೆಯಾ?" ಎಂದರು ಫೆನ್ ಸಾಹೇಬರು.

"ಒಂದೇ ಮೇಜಲ್ಲಿ ಕೂತಿದ್ವಲ್ಲ ಸ್ವಾಮಿ," ಎಂದ ಪೂಲ್. "ಬೈಯೋದಿದ್ರೂ ಬಾಯಲ್ಲೇ ಬೈಯೋರು."

ಫೆನ್ ಸಾಹೇಬರು ಮುಂದಿನ ರೈಲಿಗೇ ವಾಪಸಾದರು. ಪೂಲ್ ಪೆಟ್ಟಿಗೆಗಳನ್ನು ಅಂಗಳಕ್ಕೆ ಎಳೆದು ತಂದು, ಇನ್ನೂ ಅಲ್ಲೇ ನೆರೆದಿದ್ದ ಊರವರಿಗೆ, "ಬನ್ನಿ, ನಿಮ್ಮ ನಿಮ್ಮ ಕಾಗದ ನೀವೇ ಹೊತ್ಕೊಂಡು ಹೋಗಿ. ಸಂಘದವರಿಗೆ ಬೇಡವಂತೆ," ಎಂದ.

ಲೊವೈನಾ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ಬೇಡ ಅಂದ್ರಾ? ನಮ್ಮೂರ ಕಾಗದ ಅಂದ್ರೆ ಅಷ್ಟು ಸಸಾರಾನಾ ಅವ್ರಿಗೆ? ನಾಲ್ಕು ಪುಟ ಎಷ್ಟು ಚಂದ ಬರ್ದಿದ್ದೆ!"

"ಅದೂ ಅಲ್ದೆ," ಎಂದು ಕ್ರಂಪ್ ಕೋಲು ಹಿಡಿದುಕೊಂಡೇ ಪೂಲ್‌ನತ್ತ ಬಂದ, "ನಂದನ್ನ ಜೋರಾಗಿ ಓದಿ ಹೇಳಿದ್ಯೋ, ಇಲ್ಲ ಸುಮ್ನೆ ಪೆಟ್ಟಿಗೆ ತೋರ್ಸಿ ಕಳಿಸ್ಬಿಟ್ಯೋ?"